ಆ ಲೋಟದಲ್ಲಿದ್ದದ್ದು ಕಷಾಯ

ತಂಗಿಗೆ ದೋಣಿಯ ಹುಟ್ಟು ಹಾಕಲು ಕಲಿಸಿದವನು ನಾನು. ನರಸಿಂಹರಾಜಪುರದ ಹಿನ್ನೀರು ದಾಟಿ ಶಾಲೆಗೆ ಹೋಗಬೇಕಿತ್ತು. ಏಳನೇ ಕ್ಲಾಸಿಗೆ ನಾನು ಶಾಲೆ ಬಿಟ್ಟೆ. ಅವಳು ಶಾಲೆಯನ್ನೂ ಬಿಡಲಿಲ್ಲ, ದೋಣಿಯನ್ನೂ ಬಿಡಲಿಲ್ಲ. ಕ್ರೀಡಾ ಹಾಸ್ಟೆಲ್ ಸೇರಿದಳು, ರೋಯಿಂಗ್‌ನಲ್ಲಿ ಪದಕ ಗೆದ್ದಳು. ಕೊನೆಗೆ ದೇಶದ ತಂಡಕ್ಕೆ ಅವಳ ಹೆಸರು ಬಂತು.

ನಾನು ಕೊಪ್ಪದಲ್ಲಿ ಆಟೋ ಓಡಿಸುತ್ತಿದ್ದೆ. ಅಲ್ಲಿ ಜಿಮ್ ನಡೆಸುವ ಒಬ್ಬನ ಪರಿಚಯವಿತ್ತು. ತಂಗಿ ರಜೆಗೆ ಬಂದಾಗ ಅವನನ್ನು ಮನೆಗೆ ಕರೆದುಕೊಂಡು ಹೋದೆ. 'ಇವಳು ನನ್ನ ತಂಗಿ' ಎಂದು ತೋರಿಸುವ ಆಸೆ.

"ಆಸರಿಗೆ ಎಂತ ಕೊಡ್ಲಿ, ಕಾಫಿನಾ ಕಷಾಯನಾ?" ಎಂದಳು ತಂಗಿ.

"ಎಂತಾದ್ರೂ ಕೊಡು ಮಾರಾಯ್ತಿ. ನಿನ್ನ ಕೈಯಿಂದ ಕುಡಿದ್ರೆ ನಂಗೂ ಸ್ವಲ್ಪ ರಟ್ಟೆ ಬರುತ್ತೇನೋ!" ಎಂದ ಅವನು.

ಕಷಾಯ ಕೊಟ್ಟಳು. ಅವನು ಕುಡಿದು ಲೋಟ ವಾಪಸು ಚಾಚಿದ, ಅವಳು ಕೈ ನೀಡಿದಳು. ಸರಿಯಾಗಿ ಆಗಲೇ ಫೋಟೋ ತೆಗೆದು ಸ್ಟೇಟಸ್‌ಗೆ ಹಾಕಿದೆ.

ಕೆಲವು ತಿಂಗಳಿಗೆ ಅವನು ಪೊಲೀಸರಿಗೆ ಸಿಕ್ಕಿಬಿದ್ದ. ಆಟಗಾರರಿಗೆ ನಿಷೇಧಿಸಿದ ಇಂಜೆಕ್ಷನ್ ಮಾರುತ್ತಿದ್ದನಂತೆ. ಯಾರೋ ಆ ಫೋಟೋವನ್ನು ಆಯ್ಕೆ ಸಮಿತಿಗೆ ಕಳಿಸಿದರು. ನೋಡಿದವರಿಗೆ ಅವನೇ ಏನೋ ಕುಡಿಯಲು ಕೊಡುತ್ತಿರುವಂತೆ ಕಾಣುತ್ತಿತ್ತು. ಅವನು ಅಣ್ಣನ ಪರಿಚಯದವನು, ಲೋಟ ಖಾಲಿಯಿತ್ತು, ಬೇಕಾದರೆ ಅಣ್ಣನನ್ನೇ ಕೇಳಿ ಎಂದು ತಂಗಿ ನನ್ನ ನಂಬರು ಕೊಟ್ಟಳು.

ಸಮಿತಿಯಿಂದ ಫೋನ್ ಬಂದಾಗ ನಾನು ಶೃಂಗೇರಿಯಲ್ಲಿ ಬಾಡಿಗೆಯವರನ್ನು ಇಳಿಸುತ್ತಿದ್ದೆ. "ಈ ವ್ಯಕ್ತಿಯನ್ನು ಮನೆಗೆ ಕರೆತಂದವರು ನೀವೇನಾ?" ಎಂದರು. ಅವನ ಪೆಟ್ಟಿಗೆಗಳನ್ನು ಎರಡು ಸಲ ಆಟೋದಲ್ಲಿ ಸಾಗಿಸಿದ್ದೆ. ಒಳಗೆ ಏನಿತ್ತೋ ಕೇಳಿರಲಿಲ್ಲ. ಪೊಲೀಸರು ನೆನಪಾದರು.

"ಇಲ್ಲ ಸರ್. ಅವನ್ಯಾರು ಅಂತಾನೇ ಗೊತ್ತಿಲ್ಲ."

ಸಂಜೆ ತಂಗಿ ಫೋನ್ ಮಾಡಿ ಕೇಳಿದಳು, "ಅಣ್ಣ, ಅವ್ರ ಫೋನ್ ಬಂತಾ?"

"ಇಲ್ಲ ಮಾರಾಯ್ತಿ. ಸಿರಿಮನೆ ಕಡೆ ಹೋಗಿದ್ದೆ, ರೇಂಜ್ ಇರ್ಲಿಲ್ಲ."

ತಂಡ ಅವಳನ್ನು ಬಿಟ್ಟು ಹೋಯಿತು. ಅವಳು ಊರಿಗೆ ಬಂದಳು. ಬ್ಯಾಗಿನ ಮೇಲೆ ಸಮಿತಿಯ ಪತ್ರವಿತ್ತು. ಅಕ್ಷರ ಕೂಡಿಸಿಕೊಂಡು ಓದಿದೆ. 'ಈ ವ್ಯಕ್ತಿಯ ಪರಿಚಯವೇ ಇಲ್ಲವೆಂದು ನಿಮ್ಮ ಸಹೋದರರು ತಿಳಿಸಿರುತ್ತಾರೆ.' ಲಕೋಟೆ ಮೊದಲೇ ಒಡೆದಿತ್ತು. ಅಂದರೆ ಅವಳು ಓದಿದ್ದಳು.

ಊಟಕ್ಕೆ ಕೂತಾಗ ಅಮ್ಮ ತಡೆಯಲಾರದೆ ಅಂದಳು, "ಇವ್ನು ಒಂದು ಮಾತು ಹೇಳಿದ್ರೆ ಸಾಕಿತ್ತಲ್ಲೆ, ಎಂತಕ್ಕೆ ಹೇಳ್ಲಿಲ್ಲ?"

ತಂಗಿ ತಟ್ಟೆಯಿಂದ ತಲೆ ಎತ್ತಲಿಲ್ಲ.

"ಅಣ್ಣಂಗೆ ರೇಂಜ್ ಇರ್ಲಿಲ್ಲ ಅಮ್ಮ."

ನಾನು ಅನ್ನ ಕಲಸುತ್ತಲೇ ಇದ್ದೆ. ಅಮ್ಮ ಈಗಲೂ ಅದನ್ನೇ ನಂಬಿದ್ದಾಳೆ.