ಹಾರ್ಸ್ ಎಂದರೆ ನೀರು

ಪಕ್ಕದ ಮನೆಯಲ್ಲಿ ಯಾರಿಗೋ ಮಂಡಿನೋವು. ಸಂಜೆ ಎಣ್ಣೆ ಬಿಸಿಮಾಡಿ ತಿಕ್ಕುತ್ತಾರೆ. ಆ ಘಾಟು ಒಳಗೆ ಬಂದರೆ ಸಾಕು, ಚಾಮರಾಜಪುರಂನ ನಮ್ಮ ಹಳೆಯ ಮನೆ, ನಡುಮನೆಯ ಮಂಚದಲ್ಲಿ ಒರಗಿ ಕೂತ ತಾತ, ಅವರ ಬಲಗೈಗೆ ಎಣ್ಣೆ ನೀವುತ್ತಿದ್ದ ಅಜ್ಜಿ, ಎಲ್ಲ ಎದುರಿಗೆ ಬಂದು ನಿಲ್ಲುತ್ತವೆ. ಆ ಮನೆ ಈಗಿಲ್ಲ. ನಿಮ್ಮ ಬಾಲ್ಯದ ಮನೆಯೂ ಹೀಗೇ ಯಾವುದೋ ವಾಸನೆಯಲ್ಲಿ ಮಾತ್ರ ಉಳಿದಿರಬಹುದು.

ತಾತ ಇಂಗ್ಲಿಷ್ ಮೇಷ್ಟ್ರು. ಮಾತು ಬಲ್ಲವನಿಗೆ ಜಗಳವಿಲ್ಲ ಎನ್ನುತ್ತಾರೆ. ನಮ್ಮ ತಾತ ಮಾತಾಡುತ್ತಿದ್ದಷ್ಟು ಕಾಲವೂ ಮನೆಯಲ್ಲಿ ದಿನಾ ಜಗಳವೇ. ಕಾಫಿ ತಣ್ಣಗಿದೆ ಎಂಬುದನ್ನೂ ಎರಡು ಭಾಷೆಯಲ್ಲಿ ಹೇಳುತ್ತಿದ್ದರು. ಅಂಥವರಿಗೆ ಪಾರ್ಶ್ವವಾಯು ಹೊಡೆದು ಬಲಗೈಯ ಜೊತೆ ಮಾತೂ ಹೋಯಿತು. ಕನ್ನಡ ಪೂರ್ತಿ ಹೋಯಿತು. ಇಂಗ್ಲಿಷಿನ ಒಂದೇ ಒಂದು ಪದ ಉಳಿಯಿತು: ಹಾರ್ಸ್. ಜಟಕಾ ಹತ್ತಲೂ ಹೆದರುತ್ತಿದ್ದ ಮನುಷ್ಯನಿಗೆ ಕುದುರೆಯೇ ಏಕೆ ಉಳಿಯಿತೋ ಯಾರಿಗೂ ತಿಳಿಯದು. “ನಮ್ಮ ಮಾತೆಲ್ಲ ಬಿಟ್ಟು ದೊರೆಗಳ ಮಾತು ಹಿಡ್ಕೊಂಡ್ಬುಟ್ರು ನೋಡು,” ಎಂದು ಅಜ್ಜಿ ನಕ್ಕರು. ಆಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡರು.

ಅಜ್ಜಿಗೆ ಇಂಗ್ಲಿಷ್ ಬಾರದು. ಆದರೂ ಆ ಪದದ ಅರ್ಥಗಳನ್ನೆಲ್ಲ ಕಲಿತವರು ಅವರೊಬ್ಬರೇ. ಮೆಲ್ಲಗೆ ಎಳೆದು ಹೇಳಿದರೆ ನೀರು. ಒರಟಾಗಿ ಬಂದರೆ ಬೆನ್ನು ನೋಯುತ್ತಿದೆ, ದಿಂಬು ಸರಿಮಾಡು. ಬೇಗಬೇಗ ಎರಡು ಸಲ ಅಂದರೆ ರೇಡಿಯೋ ವಾರ್ತೆಗೆ ಹೊತ್ತಾಯಿತು. ಮದುವೆಯಾದಾಗಿನಿಂದ ತಾತ ಅಜ್ಜಿಯನ್ನು ಹೆಸರು ಹಿಡಿದು ಕರೆದವರಲ್ಲ. ಆ ಕಾಲದ ಮನೆಗಳಲ್ಲಿದ್ದಂತೆ ಬರೀ “ಇವಳೇ”. ಈಗ ಅಜ್ಜಿ ಅಡುಗೆಮನೆಯಲ್ಲಿ ತಡಮಾಡಿದರೆ ತಗ್ಗಿದ ದನಿಯಲ್ಲಿ ಒಮ್ಮೆ ಹಾರ್ಸ್ ಎನ್ನುತ್ತಿದ್ದರು. “ಬಂದೇ ರೀ,” ಎನ್ನುತ್ತ ಅಜ್ಜಿ ಕೈ ಒರೆಸಿಕೊಂಡು ಬರುತ್ತಿದ್ದರು.

ಮಾತು ಕಲಿಸಲು ಬರುತ್ತಿದ್ದ ಡಾಕ್ಟರು ಒಂದು ದಿನ ಕಟ್ಟುನಿಟ್ಟಾಗಿ ಹೇಳಿದರು: ನೀರು ಎಂದು ಬಾಯಿಬಿಟ್ಟು ಹೇಳುವವರೆಗೆ ಕೊಡಬೇಡಿ, ಇಲ್ಲದಿದ್ದರೆ ಮಾತು ಮರಳುವುದಿಲ್ಲ. ಅಪ್ಪ ಲೋಟ ಹಿಡಿದು ತಾತನೆದುರು ಕೂತು, ಮಗುವಿಗೆ ಹೇಳಿಕೊಡುವಂತೆ “ನೀ... ರು” ಎಂದರು. ತಾತ ಹಾರ್ಸ್ ಎಂದರು. ಮತ್ತೆ ಅದೇ, ಮತ್ತೆ ಅದೇ. ಪಾಠ ಒಪ್ಪಿಸದ ಹುಡುಗರನ್ನು ಬೆಂಚಿನ ಮೇಲೆ ನಿಲ್ಲಿಸುತ್ತಿದ್ದ ತಾತನ ಕಣ್ಣು ತುಂಬಿತು. ಅಜ್ಜಿ ಅಪ್ಪನ ಕೈಯಿಂದ ಲೋಟ ಕಿತ್ತುಕೊಂಡರು. “ಅವರು ಕೇಳಿದ್ದು ನಂಗೆ ತಿಳೀತು ಕಣೋ. ತಿಳಿದ್ಮೇಲೂ ಕೊಡದೆ ಕೂರೋಕೆ ನಾನೇನು ಮೇಷ್ಟ್ರಾ?” ಅಂದಿಗೆ ಪಾಠ ನಿಂತಿತು. ತಾತನಿಗೆ ಬೇರೆ ಪದ ಬರಲೇ ಇಲ್ಲ. ಅಪ್ಪ ಆಮೇಲೂ ಗೊಣಗುತ್ತಿದ್ದರು. ನನಗಂತೂ ಆ ಅಜ್ಜಿಯನ್ನು ನೆನೆದರೆ ಇವತ್ತಿಗೂ ಪ್ರೀತಿ ಉಕ್ಕುತ್ತದೆ.

ತಾತ ಹೋದ ಸಂಜೆ ನಾನು ಅಲ್ಲೇ ಇದ್ದೆ. ಅವರು ಅಜ್ಜಿಯನ್ನೇ ನೋಡುತ್ತ ಹಾರ್ಸ್ ಎಂದರು. ಹಿಂದೆಂದೂ ಕೇಳದ ದನಿ. ಅಜ್ಜಿ ನೀರು ತಂದರೆ ತಾತ ತಲೆಯಾಡಿಸಿ ಬೇಡವೆಂದರು. ಅಜ್ಜಿ ದಿಂಬು ಸರಿಸಿದರು, ಕಿಟಕಿ ತೆರೆದರು, ಅಪ್ಪನನ್ನು ಕರೆಸಿದರು. ಯಾವುದೂ ಅಲ್ಲ. ಕೊನೆಗೆ ಕೈ ಹಿಡಿದು ಕೂತರು. ತಾತ ಅದೇ ದನಿಯಲ್ಲಿ ಇನ್ನೊಮ್ಮೆ ಹೇಳಿ ಕಣ್ಣು ಮುಚ್ಚಿದರು.

ಆಮೇಲೆ ಎಷ್ಟೋ ವರ್ಷ, ಹೂ ಕಟ್ಟುತ್ತ ಒಬ್ಬರೇ ಕೂತಾಗ, ಅಜ್ಜಿ ಆ ಪದವನ್ನು ಆ ದನಿಯಲ್ಲಿ ತಮ್ಮಷ್ಟಕ್ಕೆ ಹೇಳಿ ನೋಡುತ್ತಿದ್ದರು. ಒಮ್ಮೆ ನಾನು ಬಾಗಿಲಲ್ಲಿ ನಿಂತದ್ದು ಕಂಡು ಕಟ್ಟುತ್ತಿದ್ದ ಹೂವನ್ನು ಮಡಿಲಿಗೆ ಇಳಿಸಿದರು. ಆಮೇಲೆ ಅಂದರು: “ಇನ್ನೊಂದ್ಸಲ ಅಂದಿದ್ರೆ ತಿಳ್ಕೊಂಡ್ಬುಡ್ತಿದ್ದೆ ಕಣಮ್ಮ.”