ತ್ರಿಕೋನದ ಎರಡು ಗೆರೆಗಳು

ಇದರಲ್ಲಿ ಕೆಲವು ವಿವರಗಳು ತಪ್ಪಿರಬಹುದು. ಆಗ ನಾನು ದಿನಾ ಡೈರಿ ಬರೆಯುತ್ತಿದ್ದೆ ನಿಜ, ಆದರೆ ಹೆಮ್ಮೆ ಅನಿಸಿದ್ದನ್ನು ಪುಟಗಟ್ಟಲೆ ಬರೆದು ಉಳಿದದ್ದನ್ನು ಒಂದೇ ಸಾಲಿನಲ್ಲಿ ಮುಗಿಸುವ ಚಾಳಿ ನನಗಿತ್ತು. ಈಗ ನನಗೆ ಬೇಕಾಗಿರುವುದು ಆ ಒಂದು ಸಾಲಿನಲ್ಲಿ ಬಿಟ್ಟುಹೋದದ್ದು.

ಎರಡು ಸಾವಿರದ ಇಸವಿಯ ಆಸುಪಾಸು. ಇಂಜಿನಿಯರಿಂಗ್ ಮುಗಿಸಿ ಬೆಳಗಾವಿಯ ಒಬ್ಬ ಗೋಡಂಬಿ ವ್ಯಾಪಾರಸ್ಥರಲ್ಲಿ ಕೆಲಸಕ್ಕೆ ಸೇರಿದ್ದೆ. ರವಿವಾರ ಪೇಟೆಯಲ್ಲಿ ಅವರ ಸಗಟು ಅಂಗಡಿ, ಆಟೋ ನಗರದಲ್ಲಿ ಪ್ಯಾಕಿಂಗ್ ಶೆಡ್, ಖಾನಾಪುರದಲ್ಲಿ ಬೀಜ ಒಡೆಯುವ ಕಾರ್ಖಾನೆ, ಅದಕ್ಕೆ ಅಂಟಿಕೊಂಡು ಐದು ಜನರ ಸಣ್ಣ ಆಫೀಸು. ಆ ಐವರಲ್ಲಿ ನನ್ನ ಮಾಮಿ, ಸೋದರಮಾವನ ಹೆಂಡತಿ, ಒಬ್ಬಳು. ನನಗೆ ಕೆಲಸ ಕೊಡಿಸಿದವಳೂ ಅವಳೇ.

ಮಾಲಕರ ಬೇಡಿಕೆ ಸರಳವಾಗಿತ್ತು. ಖಾನಾಪುರದಲ್ಲಿ ಎಷ್ಟು ಮಾಲು ತಯಾರಾಗಿದೆ ಎನ್ನುವುದು ರವಿವಾರ ಪೇಟೆಯ ಪರದೆಯ ಮೇಲೆ ಯಾವಾಗ ಬೇಕಾದರೂ ಕಾಣಬೇಕು. "ಕಂಡ್ರ ಖಾನಾಪುರ ಆಫೀಸು ಇರ್ತೈತಿ. ಲೈನ್ ಪದೇ ಪದೇ ಹೋಗಾಕತ್ರ ಬಂದ್ ಮಾಡಿ ಎಲ್ಲಾ ಇಲ್ಲೇ ತರ್ತೀನಿ. ಇಲ್ಲಿ ಇಬ್ಬರು ಸಾಕು ನನಗ," ಅಂದರು. ಆ ಇಬ್ಬರಲ್ಲಿ ಮಾಮಿ ಇರುವುದಿಲ್ಲ ಎಂದು ನನಗೂ ಅವಳಿಗೂ ಗೊತ್ತಿತ್ತು. ಅವಳು ಕಲಿತದ್ದು ಏಳನೆಯ ಇಯತ್ತೆ.

ನಾನು ಮೂರೂ ಕಡೆ ಒಂದೊಂದು ರೂಟರ್ ಇಟ್ಟು ತ್ರಿಕೋನ ಬರೆದೆ. ಖಾನಾಪುರದಿಂದ ರವಿವಾರ ಪೇಟೆಗೆ ಫೋನ್ ಕಚೇರಿಯಿಂದ ಬಾಡಿಗೆಗೆ ಪಡೆದ ಒಂದು ಲೀಸ್ಡ್ ಲೈನು, ಖಾನಾಪುರದಿಂದ ಆಟೋ ನಗರಕ್ಕೆ ಇನ್ನೊಂದು, ಊರೊಳಗೆ ಮೂರನೆಯದು. ರೂಟರುಗಳು ತಮ್ಮ ದಾರಿಗಳು ಜೀವಂತ ಇವೆಯೇ ಎಂದು ಒಂದಕ್ಕೊಂದು ಹೇಳಿಕೊಳ್ಳುತ್ತಲೇ ಇರುತ್ತವೆ. ಒಂದು ದಾರಿ ಸತ್ತರೆ ಉಳಿದದ್ದನ್ನು ತಾವೇ ಹುಡುಕಿಕೊಳ್ಳುತ್ತವೆ. ಅದರ ನಿಯಮಗಳನ್ನು ನಾನು ಒಂದು ದಪ್ಪ ಪುಸ್ತಕದಿಂದ ಕಲಿತಿದ್ದೆ. ಫೋನ್ ಕಚೇರಿಗೆ ಎರಡು ಅರ್ಜಿ ಕೊಟ್ಟೆ, ಎರಡು ಬೇರೆ ಲೈನ್ ನಂಬರು ಬಂದವು. ಎರಡು ಕಾಗದ ಎಂದರೆ ಎರಡು ದಾರಿ ಎಂದುಕೊಂಡೆ.

ದಸರೆಯಲ್ಲಿ ಖಂಡೇ ಪೂಜೆಯ, ಅಂದರೆ ಆಯುಧ ಪೂಜೆಯ ದಿನ ಮಾಲಕರು ತಕ್ಕಡಿ, ಪ್ಯಾಕಿಂಗ್ ಯಂತ್ರಗಳ ಸಾಲಿನಲ್ಲಿ ರೂಟರನ್ನೂ ಇಡಿಸಿದರು. ಅದರ ಕೆಳಗೆ ನನ್ನ ನಕ್ಷೆ. ಮಾಮಿಯ ಜೊತೆ ಮಾಮಾನೂ ಬಂದಿದ್ದ. ಅವನು ಫೋನ್ ಕಚೇರಿಯ ಖಾನಾಪುರ ಭಾಗದಲ್ಲಿ ಕೇಬಲ್ ಜೋಡಿಸುವವನು.

"ಬರ್ರಿ, ಕುಂದರ್ರಿ. ನಿಮ್ಮ ಸೊಸಿ ಖಾನಾಪುರನ ತಂದು ರವಿವಾರ ಪೇಟಿಗೆ ಕಟ್ಟ್ಯಾಳ ನೋಡ್ರಿ," ಅಂದರು ಮಾಲಕರು.

ಮಾಮಾ ನಕ್ಷೆಯ ಮೇಲೆ ಬಗ್ಗಿದ. "ಖಾನಾಪುರಕ್ಕ ಎರಡು ಗೆರಿ ಯಾಕವಾ?"

"ಒಂದು ಹೋದ್ರ ಇನ್ನೊಂದು ಇರ್ತೈತಿ."

"ಎರಡೂ ಪೀರನವಾಡಿ ಮ್ಯಾಲೇ ಹೋಗ್ತಾವೇನು?"

"ಮಾಮಾ, ಇದು ಬಸ್ಸಿನ ದಾರಿ ಅಲ್ಲ," ಅಂದೆ; ಖಾನಾಪುರದ ಬಸ್ಸು ಪೀರನವಾಡಿ ಹಾದೇ ಹೋಗುತ್ತಿತ್ತು. ಎಲ್ಲರೂ ನಕ್ಕರು. ಮಾಮಿಯದೇ ಜೋರು: "ಜನ್ಮೆಲ್ಲಾ ತೆಗ್ಗ ತೋಡಿದವಗ ಎಲ್ಲೆಲ್ಲೂ ತೆಗ್ಗ ಕಾಣ್ತಾವು ಬಿಡ!" ಮಾಮಾನೂ ನಕ್ಕ. ಆಮೇಲೆ ಏನೂ ಅನ್ನಲಿಲ್ಲ. ಪೂಜೆಗಿಟ್ಟ ವಸ್ತುವಿನ ಮುಂದೆ ಅದು ಮುರಿಯುವ ಮಾತು ಆಡುವುದು ನಮ್ಮಲ್ಲಿ ಇಲ್ಲ.

ಹೀಗೆ ನನಗೆ ನೆನಪು. ಆದರೆ ಡೈರಿಯಲ್ಲಿ ಅಂದಿನ ಪುಟ ತೆಗೆದರೆ ಮಾಲಕರ ಹೊಗಳಿಕೆ ಅರ್ಧ ಪುಟ ಇದೆ, ಕೊನೆಗೆ "ಮಾಮಾ ಬಂದಿದ್ದ" ಎಂದಷ್ಟೇ. ಪೀರನವಾಡಿಯ ಹೆಸರನ್ನು ಅವನು ಹೇಳಿದನೋ, ಮುಂದೆ ನಡೆದದ್ದನ್ನು ನೋಡಿ ನಾನೇ ಅವನ ಬಾಯಿಗೆ ಹಾಕಿದೆನೋ, ಪ್ರಮಾಣ ಮಾಡಿ ಹೇಳಲಾರೆ. ಜನ ನಕ್ಕದ್ದು ಮಾತ್ರ ಖರೇ.

ಕುಂಕುಮ ಹತ್ತಿದ ನಕ್ಷೆಗೆ ಮಾಲಕರು ಕಟ್ಟು ಹಾಕಿಸಿ ತಮ್ಮ ಕುರ್ಚಿಯ ಹಿಂದೆ ತೂಗುಹಾಕಿದರು. "ಪೂಜಿ ಆಗೇತಿ. ಇನ್ನ ಯಾರೂ ಇದಕ್ಕ ಕೈ ಹಚ್ಚಬ್ಯಾಡ್ರಿ." ಮರುದಿನ ಅವರ ಎದುರಿಗೇ ರೂಟರಿನಿಂದ ಒಂದು ವಾಯರು ಕಿತ್ತು ತೋರಿಸಿದೆ. ಒಂದು ನಿಮಿಷದೊಳಗೆ ಖಾನಾಪುರ ಆಟೋ ನಗರದ ಮೂಲಕ ಮತ್ತೆ ಪರದೆಗೆ ಬಂತು. ಚಪ್ಪಾಳೆ ಬಿತ್ತು. ನನ್ನ ಕೈಗೆ ಎಟುಕುವ ವಾಯರನ್ನಷ್ಟೇ ನಾನು ಕಿತ್ತು ನೋಡಿದ್ದೆ.

ಚಳಿಗಾಲದಲ್ಲಿ ಪೀರನವಾಡಿಯ ಹತ್ತಿರ ರಸ್ತೆ ಅಗಲ ಮಾಡುವ ಕೆಲಸ ಶುರುವಾಯಿತು. ಒಂದು ಬೆಳಿಗ್ಗೆ ಖಾನಾಪುರ ಪರದೆಯಿಂದ ಹೋಯಿತು. ರೂಟರ್ ತನಗೆ ಗೊತ್ತಿದ್ದನ್ನೆಲ್ಲ ಮಾಡಿತು; ಹುಡುಕಿಕೊಳ್ಳಲು ಇನ್ನೊಂದು ದಾರಿಯೇ ಇರಲಿಲ್ಲ. ಕೇಬಲ್ ಅಲ್ಲಿ ಕಡಿದಿದೆ ಎಂದು ಫೋನ್ ಕಚೇರಿಯಲ್ಲಿ ತಿಳಿದು, ಬಸ್ಸು ಹಿಡಿದು ಪೀರನವಾಡಿಗೆ ಹೋದೆ. ಅಗೆದ ತಗ್ಗಿನಲ್ಲಿ ಮಾಮಾ ಕೂತು ಕೇಬಲ್ ಸುಲಿಯುತ್ತಿದ್ದ.

"ಇದರಾಗ ನಮ್ಮದು ಯಾವುದು?" ಕೇಳಿದೆ.

"ರವಿವಾರ ಪೇಟಿದು ಇದರಾಗ ಐತಿ."

"ಆಟೋ ನಗರದ್ದು?"

"ಅದೂ ಇದರಾಗ ಐತಿ." ಗಂಟೆ ಎಷ್ಟು ಎಂದು ಕೇಳಿದವರಿಗೆ ಹೇಳುವ ಹಾಗೆ, ತಲೆ ಎತ್ತದೆ ಹೇಳಿದ.

ಆ ತಿಂಗಳು ರಸ್ತೆ ಅಗೆಯುವ ಯಂತ್ರ ಇನ್ನೆರಡು ಸಲ ಅದೇ ಕೇಬಲನ್ನು ಕಿತ್ತಿತು. ಮೂರನೆಯ ಸಲ ಮಾಲಕರು ಸಿಟ್ಟಾಗಲಿಲ್ಲ. ಕೇಬಲ್ ಜೊತೆ ಫೋನೂ ಸತ್ತಿದ್ದ ಖಾನಾಪುರಕ್ಕೆ ಜೀಪು ಕಳಿಸಿ ಕಂಪ್ಯೂಟರುಗಳನ್ನು ತರಿಸಿದರು, ಅಷ್ಟೇ. ಬೇರೆ ದಾರಿಯ ಲೈನು ಸಿಗುತ್ತದೆಯೇ ಎಂದು ನಾನು ಕಚೇರಿಗೆ ಅಲೆದೆ. ಖಾನಾಪುರಕ್ಕೆ ಆಗ ಇದ್ದದ್ದು ಅದೊಂದೇ ಕೇಬಲ್. ಅಂದರೆ ನಾನು ಎಷ್ಟು ಚೆನ್ನಾಗಿ ಬರೆದಿದ್ದರೂ ಅಷ್ಟೇ ಆಗುತ್ತಿತ್ತು. ಇದನ್ನು ಸಮಾಧಾನ ಎಂದು ಹಿಡಿದುಕೊಳ್ಳಲು ನೋಡಿದ್ದೇನೆ, ಆಗಿಲ್ಲ. ಮೊದಲೇ ಗೊತ್ತಿದ್ದರೆ ಲೈನು ಹೋಗುವುದಿಲ್ಲ ಎಂದು ಮಾಲಕರಿಗೆ ಮಾತು ಕೊಡುತ್ತಿರಲಿಲ್ಲ. ದಿನಕ್ಕೊಮ್ಮೆ ಬಸ್ಸಿನಲ್ಲಿ ಲೆಕ್ಕದ ಫ್ಲಾಪಿ ಕಳಿಸುವ ಹಳೆಯ ಪದ್ಧತಿ ಮುಂದುವರಿದು, ಆಫೀಸೂ ಇನ್ನಷ್ಟು ವರ್ಷ ಇರುತ್ತಿತ್ತೇನೋ.

ಮಾಮಿ ಮನೆಯಲ್ಲಿ ಕೂರಲಿಲ್ಲ. ಅದೇ ಕಾರ್ಖಾನೆಯ ಶೆಡ್ಡಿಗೆ ಬೀಜ ಒಡೆಯಲು ಹೋದಳು. ಗೋಡಂಬಿ ಸಿಪ್ಪೆಯ ಎಣ್ಣೆ ಬೆರಳುಗಳನ್ನು ಸುಟ್ಟು ಕಪ್ಪು ಮಾಡುತ್ತದೆ, ಎಷ್ಟು ಬೂದಿ ಹಚ್ಚಿಕೊಂಡರೂ. ನಾನು ಹೋದಾಗ ಈಗಲೂ "ಇಂಜಿನೇರ ಬಾಯಿ ಬಂದ್ರು, ಚಾ ಇಡ್ತೀನಿ ತಡಿ," ಅನ್ನುತ್ತಾಳೆ. ಅದರಲ್ಲಿ ಚುಚ್ಚು ಇದೆಯೋ ಇಲ್ಲವೋ ನನಗೆ ತಿಳಿಯದು. ಲೋಟ ಹಿಡಿದ ಆ ಕೈಯನ್ನು ನೋಡಲಾರದೆ ಚಹಾ ಕುಡಿಯುತ್ತೇನೆ.

ಮಾಮಾ ನಿವೃತ್ತನಾಗಿದ್ದಾನೆ. ಕಳೆದ ಸಲ ಮಾಮಿ ಒಳಗಿದ್ದಾಗ ಅವನ ಬಾಜು ಕೂತು ಕೇಳಿಯೇಬಿಟ್ಟೆ. ಅವನು ಎದ್ದು ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋದ. ನಾನು ಕೇಳಿದ್ದು ಇಷ್ಟೇ: "ಎರಡೂ ಒಂದೇ ಕೇಬಲ್‌ನಾಗ ಅದಾವು ಅಂತ ನಿನಗ ಗೊತ್ತಿತ್ತಲ್ಲ ಮಾಮಾ, ಹೋಗೂದು ಮಾಮಿ ಕೆಲಸ ಅಂತನೂ ಗೊತ್ತಿತ್ತು, ಪೂಜಿ ದಿನ ಮನಿಗೆ ಹೋದ ಮ್ಯಾಲರ ಯಾಕ ಒಂದು ಮಾತು ಹೇಳಲಿಲ್ಲ ನನಗ?"