ವಾರ್ತೆಗೆ ಮೊದಲೇ ತುಂಬಿದ ತೊಟ್ಟಿ

ಪಂಪ್‌ಹೌಸ್ ನಡೆಸುವವರನ್ನು ಎಲ್ಲರೂ ಚೇಟ್ಟನ್, ಅಂದರೆ ಅಣ್ಣ, ಎಂದೇ ಕರೆಯುತ್ತಿದ್ದರು. ಅವರು ಕೈಗೆ ಗಡಿಯಾರ ಕಟ್ಟುತ್ತಿರಲಿಲ್ಲ. ಕೊಳಚೆಯ ಆವಿಗೆ ಲೋಹವೆಲ್ಲ ಕಪ್ಪಾಗುತ್ತದೆ, ಎರಡು ಗಡಿಯಾರ ಹಾಳಾದ ಮೇಲೆ ಬಿಟ್ಟೆ ಎಂದಿದ್ದರು. ಕಿಟಕಿಯಲ್ಲಿ ಒಂದು ರೇಡಿಯೋ ಇತ್ತು. ಬೆಳಗಿನ ಹೊತ್ತನ್ನು ಅವರು ಅದರಿಂದಲೇ ಅಳೆಯುತ್ತಿದ್ದರು.

ತಿರುವನಂತಪುರದ ಹೊರವಲಯದ ತಗ್ಗಿನಲ್ಲಿರುವ ಪಂಪ್‌ಹೌಸ್ ಅದು. ಸುತ್ತಲಿನ ಮನೆಗಳ ಕೊಳಚೆ ನೀರು ಇಳಿಜಾರಿನಲ್ಲಿ ಹರಿದು ಬಂದು ಅಲ್ಲಿನ ಆಳವಾದ ತೊಟ್ಟಿಗೆ ಬೀಳುತ್ತದೆ. ಅಲ್ಲಿಂದ ಎರಡು ಪಂಪುಗಳು ಅದನ್ನು ಎತ್ತಿ ಶುದ್ಧೀಕರಣ ಘಟಕಕ್ಕೆ ಕಳಿಸುತ್ತವೆ. ತೊಟ್ಟಿಯ ಗೋಡೆಯ ಮೇಲೆ ಒಂದು ಕೆಂಪು ಗೆರೆ. ನೀರು ಅದನ್ನು ದಾಟಿದರೆ ಬಂದ ದಾರಿಯಲ್ಲೇ ಹಿಂದಕ್ಕೆ ಒತ್ತಿ, ಎಲ್ಲಕ್ಕಿಂತ ತಗ್ಗಿನ ಮ್ಯಾನ್‌ಹೋಲಿನಿಂದ ಮೇಲೆ ಬರುತ್ತದೆ.

ನಮ್ಮ ಆಫೀಸು ಕೊಚ್ಚಿಯಲ್ಲಿ. ಘಟಕವನ್ನೂ ಪಂಪ್‌ಹೌಸನ್ನೂ ಮುಂದಿನ ಮೂವತ್ತು ವರ್ಷಕ್ಕೆ ಸಾಲುವಷ್ಟು ವಿಸ್ತರಿಸುವ ಯೋಜನೆಯನ್ನು ನಾವು ತಯಾರಿಸುತ್ತಿದ್ದೆವು. ನಾನು ಅದಕ್ಕಾಗಿ ಪಂಪ್‌ಹೌಸಿಗೆ ಹತ್ತಿರದ ಉಳ್ಳೂರಿನಲ್ಲಿ ಬಾಡಿಗೆ ಮನೆ ಹಿಡಿದು ಮೂರು ವರ್ಷವಾಗಿತ್ತು. ಆಸ್ಪತ್ರೆಗಳ ಸುತ್ತ ಫ್ಲಾಟುಗಳು ಏಳುತ್ತಿದ್ದವು. ವಿಳಿಂಜಂ ಬಂದರಿಗೆ ಬಂದ ಕೆಲಸದವರು ಅಲ್ಲಿಯವರೆಗೂ ಮನೆ ಹುಡುಕಿಕೊಂಡು ಬರುತ್ತಿದ್ದರು. ಎಷ್ಟು ಕೊಳಚೆ ನೀರು ಬರುತ್ತದೆ ಎಂದು ಲೆಕ್ಕ ಹಾಕುವುದು ನನ್ನ ಪಾಲಿನ ಕೆಲಸ. ಐದು ಪಾಲು ನೀರು ಸರಬರಾಜಾದರೆ ನಾಲ್ಕು ಪಾಲು ಕೊಳಚೆಯಾಗಿ ಮರಳುತ್ತದೆ ಎಂದು ಹಿಡಿಯುವುದು ವಾಡಿಕೆ. ನೀರಿನ ಮೀಟರುಗಳ ಲೆಕ್ಕ ತರಿಸಿಕೊಂಡೆ, ಜನಸಂಖ್ಯೆಯ ಬೆಳವಣಿಗೆ ಸೇರಿಸಿದೆ, ಸಹಿ ಹಾಕಿದೆ. ವರದಿ ಕೊಚ್ಚಿಯಲ್ಲಿ ಅಚ್ಚಾಗಿ ಬೈಂಡಾಯಿತು. ಸೋಮವಾರ ಸರ್ಕಾರಕ್ಕೆ ಸಲ್ಲಿಸುವುದಿತ್ತು.

ಅದಕ್ಕೂ ಮೊದಲಿನ ಗುರುವಾರ ಬೆಳಿಗ್ಗೆ ನಾನು ಪಂಪ್‌ಹೌಸಿಗೆ ಹೋದದ್ದು ಸೋಮವಾರದ ಸಭೆಯಲ್ಲಿ ತೋರಿಸಲು ಒಂದು ಫೋಟೋ ಬೇಕಿತ್ತೆಂದು ಮಾತ್ರ.

"ಸಾರ್, ವಾರ್ತೆ ಶುರುವಾಗುವ ತನಕ ನಿಲ್ಲಿ," ಎಂದರು ಚೇಟ್ಟನ್.

"ಕೊಚ್ಚಿಗೆ ರೈಲಿದೆ ಚೇಟ್ಟಾ."

"ರೈಲು ತಡವಾಗಿ ಬಂದೀತು. ಇದು ತಡಮಾಡುವುದಿಲ್ಲ."

ನಾನು ತೊಟ್ಟಿಯ ಸುತ್ತಲಿನ ಕಬ್ಬಿಣದ ಕಟಾಂಜನ ಹಿಡಿದು ನಿಂತೆ. ರೇಡಿಯೋದಲ್ಲಿ ಇನ್ನೂ ಹಾಡು ಬರುತ್ತಿತ್ತು. ಎರಡೂ ಪಂಪುಗಳು ಓಡುತ್ತಿದ್ದವು. ನೀರು ಇಟ್ಟಿಗೆಯ ಒಂದೊಂದು ಸಾಲನ್ನು ಮುಚ್ಚುತ್ತ ಮೇಲೆ ಬಂತು. ಹಾಡು ಮುಗಿಯುವ ಮೊದಲೇ ಕೆಂಪು ಗೆರೆ ಮುಳುಗಿತು.

"ನಾನು ಇಲ್ಲಿಗೆ ಬಂದ ಹೊಸತರಲ್ಲಿ ವಾರ್ತೆ ಮುಗಿದು ಚಾಯ ಕುಡಿದರೂ ಗೆರೆ ಒಣಗಿರುತ್ತಿತ್ತು," ಎಂದರು.

"ಮಳೆ ನೀರು ಸೇರುತ್ತಿರಬೇಕು."

"ಮೂರು ವಾರದಿಂದ ಮಳೆ ಎಲ್ಲಿದೆ ಸಾರ್?"

ಅಷ್ಟರಲ್ಲಿ ಹೊರಗೆ ಕಬ್ಬಿಣದ ಮುಚ್ಚಳ ಕಲ್ಲಿಗೆ ಬಡಿದ ಸದ್ದು ಕೇಳಿಸಿತು. ಓಡಿ ಹೋಗಿ ನೋಡಿದೆ. ಎದುರು ಓಣಿಯಲ್ಲಿ ಮ್ಯಾನ್‌ಹೋಲಿನ ಮುಚ್ಚಳ ಒಂದು ಬದಿಗೆ ವಾಲಿತ್ತು, ಕಪ್ಪು ನೀರು ಹೊರಬಂದು ಎದುರು ಮನೆಯ ಗೇಟಿನತ್ತ ಹರಿಯುತ್ತಿತ್ತು. ಆ ಮನೆಯ ಅಮ್ಮ, ಅರವತ್ತು ದಾಟಿರಬೇಕು, ಆಗಲೇ ಹೊರಗೆ ಬಂದಿದ್ದರು. ಅವಸರವಿರಲಿಲ್ಲ. ಗೇಟಿನ ಪಕ್ಕ ಮೂರು ಮರಳಿನ ಚೀಲಗಳು ಸಾಲಾಗಿ ಸಿದ್ಧವಾಗಿದ್ದವು. ಒಂದೊಂದನ್ನೇ ಎಳೆದು ಗೇಟಿನ ಅಡಿಗೆ ಇಟ್ಟರು. ಅವರ ಹಿಂದೆ ಹತ್ತು ಹೆಜ್ಜೆ ದೂರದಲ್ಲಿ ಬಾವಿಕಟ್ಟೆ. ನೀರು ಮೊದಲ ಚೀಲಕ್ಕೆ ತಾಗಿ ನಿಂತಿತು.

ಅವರು ನನ್ನ ಕೈಯಲ್ಲಿದ್ದ ಕ್ಯಾಮೆರಾ ನೋಡಿದರು.

"ಫೋಟೋ ತೆಗೆಯುವವರಾ? ತೆಗೆಯಿರಿ ಸಾರ್. ಬಾವಿ ಕಾಣುವ ಹಾಗೆ ತೆಗೆಯಿರಿ."

ನಾನು ತೆಗೆಯದೆ ಕ್ಯಾಮೆರಾ ಮುಚ್ಚಿ ಹೆಗಲಿಗೆ ಹಾಕಿಕೊಂಡೆ. ಅವರು ಬೈದಿದ್ದರೆ ತೆಗೆಯುತ್ತಿದ್ದೆನೇನೋ. ಮೂರೂ ಚೀಲಗಳು ಕೈಗೆಟಕುವಲ್ಲಿ ಸಿದ್ಧವಾಗಿದ್ದುದನ್ನು ಕಂಡ ಮೇಲೆ ಆಗಲಿಲ್ಲ. ನನ್ನ ವರದಿಯಲ್ಲಿ ಈ ಪಂಪ್‌ಹೌಸಿಗೆ ಹೊಸ ಪಂಪು ಇರಲಿಲ್ಲ. ಇನ್ನೂ ಹದಿನೈದು ವರ್ಷ ಬೇಡ ಎಂದು ನಾನೇ ಬರೆದಿದ್ದೆ.

ರೈಲು ಹಿಡಿಯದೆ ಮನೆಗೆ ಬಂದೆ. ಮೇಜಿನ ಮೇಲೆ ಲೆಕ್ಕ ಹರಡಿಕೊಂಡು ಎರಡು ಸಲ ಕೂಡಿದೆ. ಕೂಡಿದ್ದರಲ್ಲಿ ತಪ್ಪಿರಲಿಲ್ಲ. ಒಳಗಿನಿಂದ ಮಗಳು ಕೂಗಿದಳು: "ಅಪ್ಪಾ, ಮೋಟರ್ ಓಫ್ ಆಕ್ಕಟ್ಟೇ?" ನಾವು ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಅವಳ ಉತ್ತರ ಮಲಯಾಳದಲ್ಲೇ. ಟ್ಯಾಂಕು ತುಂಬಿ ಮಾಡಿನಿಂದ ನೀರು ಸುರಿಯುತ್ತಿತ್ತು, ಮೋಟರ್ ನಿಲ್ಲಿಸಲೇ ಎಂದು ಕೇಳುತ್ತಿದ್ದಳು.

ಬಾವಿಯ ಮೋಟರ್. ಮೂರು ವರ್ಷದಿಂದ ದಿನಕ್ಕೆರಡು ಸಲ ನಾನು ಕೇಳುತ್ತಿದ್ದ ಸದ್ದು ಅದು. ನಾವು ಕುಡಿಯುವುದು, ಮೀಯುವುದು, ಬಟ್ಟೆ ಒಗೆಯುವುದು ಎಲ್ಲ ಬಾವಿಯ ನೀರಿನಲ್ಲಿ. ಗೇಟಿನ ಬಳಿ ಹೋಗಿ ನಲ್ಲಿಯ ಮೀಟರ್ ನೋಡಿದೆ. ಮುಳ್ಳು ಅಲುಗುತ್ತಿರಲಿಲ್ಲ. ಬೇಸಿಗೆಯಲ್ಲಿ ಬಾವಿ ಇಳಿದಾಗ ಮಾತ್ರ ನಾವು ಆ ನಲ್ಲಿ ತಿರುಗಿಸುತ್ತಿದ್ದೆವು. ಪಕ್ಕದ ಮನೆಗಳಲ್ಲಿ ಕೇಳಿದೆ. ಹನ್ನೊಂದು ಮನೆಗಳಲ್ಲಿ ಹತ್ತರಲ್ಲಿ ಬಾವಿ. ಆ ನೀರು ಯಾವ ಮೀಟರನ್ನೂ ದಾಟದೆ ಮನೆಯೊಳಗೆ ಬರುತ್ತದೆ, ಒಳಚರಂಡಿಗೆ ಹೋಗುತ್ತದೆ. ನಾನು ಕಾಸರಗೋಡಿನವನು. ಬಾವಿಯ ನೀರಿನಲ್ಲೇ ಬೆಳೆದವನು. ಮೈಸೂರಿನ ಕಡೆಯವರು ಯಾರಾದರೂ ಹೀಗೆ ತಪ್ಪಿದ್ದರೆ ಒಪ್ಪಬಹುದಿತ್ತು.

ಮರುದಿನ ಕೊಚ್ಚಿಗೆ ಹೋಗಿ ನಮ್ಮ ಆಫೀಸಿನ ಮುಖ್ಯಸ್ಥೆ ಮೇಡಂ ಎದುರು ನಿಂತೆ. ಅವರ ಮೇಜಿನ ಮೇಲೆ ಬೈಂಡಾದ ವರದಿಗಳ ಅಟ್ಟಿ. ಕಿಟಕಿಯಾಚೆ ವಿಲ್ಲಿಂಗ್ಡನ್ ಐಲ್ಯಾಂಡಿನ ಕಡೆ ಹೋಗುವ ದೋಣಿ. ನಾನು ನಿಧಾನವಾಗಿ, ನೋಡಿದ ಕ್ರಮದಲ್ಲೇ ಎಲ್ಲ ಹೇಳಿದೆ.

"ಮೂರು ವರ್ಷ ಆ ನೀರು ಕುಡಿದಿರಿ," ಎಂದರು ಅವರು. "ಲೆಕ್ಕಕ್ಕೆ ಮಾತ್ರ ಹಿಡಿಯಲಿಲ್ಲ."

"ಹೌದು ಮೇಡಂ."

"ಎಷ್ಟು ಹೆಚ್ಚಾಗುತ್ತದೆ?"

"ಗೊತ್ತಿಲ್ಲ. ಅಳೆಯಬೇಕು."

"ಮೊದಲೂ ಗೊತ್ತಿರಲಿಲ್ಲ. ಈಗ ಗೊತ್ತಿಲ್ಲ ಅಂತ ಗೊತ್ತಾಗಿದೆ. ಅಷ್ಟು ಲಾಭ." ವರದಿಗಳನ್ನು ಎತ್ತಿ ಬೀರುವಿನೊಳಗಿಟ್ಟರು. "ಸೋಮವಾರ ಸರ್ಕಾರದವರ ಮುಂದೆ ನೀವೇ ಹೋಗಿ ಹೇಳಿ. ನಾನು ಪಕ್ಕದಲ್ಲಿ ಕೂತಿರುತ್ತೇನೆ, ಬಾಯಿ ಬಿಡುವುದಿಲ್ಲ."

ಹಾಗೆಯೇ ಆಯಿತು. ಅವರು ಕೂತಿದ್ದರು, ಬಾಯಿ ಬಿಡಲಿಲ್ಲ. ಒಬ್ಬ ಅಧಿಕಾರಿ ನಕ್ಕರು, ಇನ್ನೊಬ್ಬರು ತಮ್ಮ ಮನೆಯಲ್ಲೂ ಬಾವಿಯಿದೆ ಎಂದರು. ನಮಗೆ ಒಂದು ವರ್ಷ ಸಿಕ್ಕಿತು. ಮಳೆಗಾಲ, ಬೇಸಿಗೆ ಎರಡರಲ್ಲೂ ಮ್ಯಾನ್‌ಹೋಲುಗಳಲ್ಲಿ ಹರಿವು ಅಳೆದೆವು, ಮನೆ ಮನೆಗೆ ಹೋಗಿ ಬಾವಿ ಎಣಿಸಿದೆವು. ಅನುಬಂಧದಲ್ಲಿ ಚೇಟ್ಟನ್ ಅವರ ರೇಡಿಯೋದ ಅಳತೆಯನ್ನೂ ಬರೆದೆ, ಹಾಡು ಮತ್ತು ಚಾಯ ಸಮೇತ. ಮೇಡಂ ಅದನ್ನು ಹೊಡೆದುಹಾಕಲಿಲ್ಲ.

ಶುದ್ಧೀಕರಣ ಘಟಕದ ಕೆಲಸ ಇನ್ನೂ ನಡೆದಿದೆ. ಪಂಪ್‌ಹೌಸಿನ ಪಾಲು ಮಾತ್ರ ಮೊದಲು ಮುಗಿಯಿತು. ತೊಟ್ಟಿ ದೊಡ್ಡದಾಗಿದೆ, ಮೂರನೆಯ ಪಂಪು ಬಂದಿದೆ. ಹೋದ ತಿಂಗಳು ಒಂದು ಬೆಳಿಗ್ಗೆ ಅಲ್ಲಿಗೆ ಹೋಗಿದ್ದೆ. ಎದುರು ಮನೆಯ ಅಮ್ಮ ಗೇಟಿನ ಮುಂದೆ ಗುಡಿಸುತ್ತಿದ್ದರು. ಮರಳಿನ ಚೀಲಗಳು ಎರಡೇ ಇದ್ದವು.

"ಮೂರನೆಯದು?" ಎಂದೆ.

"ಕರಿಬೇವಿನ ಗಿಡದ ಬುಡಕ್ಕೆ ಸುರಿದೆ. ಈ ಎರಡು ಇರಲಿ. ನೀವು ಲೆಕ್ಕದವರು, ನಿಮ್ಮನ್ನು ಪೂರ್ತಿ ನಂಬಬಾರದು."

ಅದು ಸರಿಯೆಂದೇ ನನಗೂ ತೋರಿತು. ಒಳಗೆ ಹೋಗಿ ಕಟಾಂಜನ ಹಿಡಿದು ನಿಂತೆ. ಹಾಡು ಮುಗಿಯಿತು. ವಾರ್ತೆ ಶುರುವಾಗಿ, ಅದೂ ಮುಗಿಯಿತು. ಗೆರೆಯ ಕೆಳಗೆ ನಾಲ್ಕು ಸಾಲು ಇಟ್ಟಿಗೆ ಒಣಗಿಯೇ ಇದ್ದವು. ಚೇಟ್ಟನ್ ರೇಡಿಯೋ ಆರಿಸಿ, ಎರಡು ಲೋಟ ಚಾಯ ತಂದರು.